ಛತ್ರಿ ಬಟ್ಟೆಯ ಅನ್ಯಲೋಕದವರು

ಆ ಭಾನುವಾರ ಬೆಳಗಿನ ಆಟಕ್ಕೆ ಹೋಗಲು ಗದಗಿನ ದರ್ಜಿ ಸುನಂದಾಬಾಯಿಗೆ ಧೈರ್ಯವೇ ಇರಲಿಲ್ಲ. ನಲವತ್ತು ವರ್ಷಗಳ ಹಿಂದೆ, ಮೂರೇ ದಿನ ಓಡಿದ ಒಂದು ಬಡ ಸಿನಿಮಾದ ಅನ್ಯಲೋಕದವರಿಗೆ ವೇಷ ಹೊಲಿದವಳು ಅವಳೇ. ಮೈಗೆ ಹರಿದ ಛತ್ರಿಯ ಬಟ್ಟೆ, ಕಣ್ಣಿಗೆ ಚಹಾ ಸೋಸುವ ಜರಡಿ. ಈಗ ಅನ್ಯಲೋಕದವರು ನಿಜವಾಗಿಯೂ ಬಂದು ಊರಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಆ ಸಿನಿಮಾದ ರೀಲು ಹುಡುಕಿ ತಂದು ಈ ಆಟ ಹಾಕಿಸಿದವನು ಅವರಲ್ಲೊಬ್ಬ, ಎದುರುಮನೆಯ ಟಿರು.

"ನಿಮ್ಮ ಮಂದಿ ನೋಡಿ ಬ್ಯಾಸರಾ ಮಾಡ್ಕೊಂಡ್ರ ಏನ್ ಮಾಡೂದು?" ಅಂದಳು ಸುನಂದಾಬಾಯಿ.

"ಬರ್ರಿ ಅಕ್ಕಾರ," ಎಂದು ಟಿರು ಮೂರನೆಯ ಕೈಯಲ್ಲಿ ಅವಳ ಚೀಲ ಹಿಡಿದುಕೊಂಡ.

ಟಾಕೀಸು ತುಂಬಿತ್ತು. ತೆರೆಯ ಮೇಲೆ ಅವಳ ಛತ್ರಿ ಜೀವಿಗಳು ದಾರಕ್ಕೆ ಜೋತಾಡುತ್ತ ಆಕಾಶದಿಂದ ಇಳಿದಾಗ, ಟಿರುವಿನ ಮಂದಿ ಕುರ್ಚಿ ಬಡಿದು ನಕ್ಕರು, ಶಿಳ್ಳೆ ಹಾಕಿದರು. ಕೊನೆಗೆ ಸಿನಿಮಾದ ಹಳ್ಳಿಯವರು ಆ ಜೀವಿಗಳನ್ನು ಪಂಕ್ತಿಯಲ್ಲಿ ಕೂರಿಸಿ ರೊಟ್ಟಿ ಬಡಿಸಿದರು. ಟಾಕೀಸೆಲ್ಲ ಒಮ್ಮೆಲೇ ಸುಮ್ಮನಾಯಿತು. ಸುನಂದಾಬಾಯಿ ಹೆದರಿ ಪಕ್ಕಕ್ಕೆ ತಿರುಗಿದಳು. ಟಿರುವಿನ ಕಣ್ಣುಗಳು ಒದ್ದೆಯಾಗಿದ್ದವು.

"ನಾವಿನ್ನೂ ಬಂದೇ ಇರಲಿಲ್ಲ. ಆಗಲೇ ನಮಗ ಊಟಕ್ಕ ಹಾಕಿದ್ರಲ್ಲ, ಅಕ್ಕಾರ," ಅಂದ.

ಸುನಂದಾಬಾಯಿಗೆ ನಗು ತಡೆಯಲಾಗಲಿಲ್ಲ. "ಮೊದಲಿಂದ ಇನ್ನೊಮ್ಮೆ ಹಾಕಂತ ಹೇಳಪಾ," ಎಂದು ಕುರ್ಚಿಯ ಮೇಲೆ ಕಾಲು ಮಡಚಿ ಆರಾಮಾಗಿ ಕೂತಳು.