ರಟ್ಟಿನ ಪುರಭವನ

ಅಂಟಿನ ಬಾಟಲಿ ತೆರೆದರೆ ಸಾಕು, ನಾವಿದ್ದ ಪರದೇಶದ ಊರು ಹ್ಯಾಮಿಲ್ಟನ್ನಿನ ಆ ಮಧ್ಯಾಹ್ನ ಇಂದಿಗೂ ಮೂಗಿಗೆ ಬಡಿಯುತ್ತದೆ.

ನವರಾತ್ರಿಯ ಮೊದಲ ದಿನ. ನನಗೆ ಎಂಟು ವರ್ಷ. ಅಪ್ಪ ಕೆಲಸಕ್ಕೆಂದು ಜರ್ಮನಿಗೆ ಹೋಗಿ ಮೂರು ವರ್ಷವಾಗಿತ್ತು. ಹಿಂದಿನ ಚಳಿಗಾಲದಲ್ಲಿ ಅಮ್ಮ ಎರಡು ಸಲ ಲಾಯರ್ ಬಳಿ ಹೋಗಿ ಬಂದಿದ್ದಳು. ಯಾಕೆಂದು ನನಗೆ ಹೇಳಿರಲಿಲ್ಲ. ನಮ್ಮ ಗೊಂಬೆ ಮೆಟ್ಟಿಲಿಗೆಂದು ಅಪ್ಪ ಅಲ್ಲಿ ತಾವಿದ್ದ ಊರಿನ ಪುರಭವನವನ್ನು ರಟ್ಟಿನ ಹಾಳೆಗಳಲ್ಲಿ ಕಳಿಸಿದ್ದರು. ಕತ್ತರಿಸಿ ಅಂಟಿಸಬೇಕಿತ್ತು.

ನಾನೂ ಅಮ್ಮನೂ ಕಾರ್ಪೆಟ್ ಮೇಲೆ ಕೂತು ಅಂಟಿಸಿದೆವು. ಕೆಳಗೆ ಸಂತೆ ನಡೆಯುತ್ತಿದ್ದ ಕಲ್ಲಿನ ಕಮಾನುಗಳು, ಮೇಲೆ ಮರದ ಪಟ್ಟಿಗಳ ಗೋಡೆ, ಕಡಿದಾದ ಕೆಂಪು ಮಾಡು. ಜೊತೆಗೆ ಬಂದಿದ್ದ ಚೀಟಿಯಲ್ಲಿದ್ದುದನ್ನು ಅಮ್ಮ ಕನ್ನಡದಲ್ಲಿ ಹೇಳುತ್ತಿದ್ದಳು.

"ಯುದ್ಧದಲ್ಲಿ ಗೋಪುರ ಸುಟ್ಟುಹೋಯ್ತಂತೆ. ಹಳೇ ನಕ್ಷೆ ನೋಡ್ಕೊಂಡು ಮತ್ತೆ ಹಾಗೇ ಕಟ್ಟಿದ್ರಂತೆ. ಮೇಲಿನ ಹಾಲಲ್ಲಿ ಈಗ್ಲೂ ಮದುವೆ ರಿಜಿಸ್ಟರ್ ಮಾಡ್ತಾರಂತೆ."

"ಐ ನೋ," ಎಂದೆ. "ಅಪ್ಪ ವಿಡಿಯೋ ಕಾಲ್‌ನಲ್ಲಿ ಆ ಹಾಲ್ ತೋರ್ಸಿದ್ರು. ತುಂಬಾ ಫ್ಲವರ್ಸ್ ಇತ್ತು. ಅಪ್ಪ ನ್ಯೂ ಸೂಟ್ ಹಾಕಿದ್ರು."

ಅಮ್ಮ ಚೀಟಿಯನ್ನು ನಾಲ್ಕಾಗಿ ಮಡಿಸಿದಳು. ಎದ್ದು ಮೇಲಿನ ಮೆಟ್ಟಿಲ ಬಳಿ ಹೋದಳು. ಅಲ್ಲಿ ಅವಳ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳಿದ್ದವು, ಮರದ ರಾಜ ರಾಣಿ. ಹಬ್ಬ ಮುಗಿದ ರಾತ್ರಿ ಮಲಗಿಸಬೇಕಾದ ಅವೆರಡನ್ನೂ ಅಮ್ಮ ಆಗಲೇ ಮಲಗಿಸಿದಳು.

"ಬಟ್ ಇವತ್ತೇ ಫಸ್ಟ್ ಡೇ!" ಎಂದೆ.

"ಅವರಿಗೆ ಸುಸ್ತಾಗಿದೆ, ಪುಟ್ಟಾ. ನೀನು ಗೋಪುರ ಅಂಟಿಸು."

ನಾನು ಅಂಟಿಸಿದೆ. ಒಣಗುವವರೆಗೂ ಅದು ಬೀಳದಂತೆ ಅಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು.