ಕಂಟ್ರೋಲ್, ಶಿಫ್ಟ್, ಏಳು

ಮದುವೆಯಾಗಿ ನಾಲ್ಕು ವರ್ಷಕ್ಕೆ ಗಂಡ ಮೊದಲ ಸಲ ತನ್ನ ಆನ್‌ಲೈನ್ ಆಟಕ್ಕೆ ಅವಳನ್ನು ಕರೆದ. ದಿನಾ ಸಂಜೆ ಅವನನ್ನು ನುಂಗಿಬಿಡುತ್ತಿದ್ದ ಆ ಆಟ ಅವಳ ಪಾಲಿಗೆ ಸವತಿಯೇ ಆಗಿತ್ತು. ಈಗ ಸವತಿಯ ಮನೆಯಲ್ಲೇ ಅವಳಿಗೊಂದು ಪಾತ್ರ ಸಿಕ್ಕಿತು: ಬಿಲ್ಲು ಹಿಡಿದ ಹುಡುಗಿ. ಅದಕ್ಕೆ ಹಸಿರು ಲಂಗ ತೊಡಿಸಿ, ಚುಕ್ಕಿ ಎಂದು ಹೆಸರಿಟ್ಟಳು.

"ಮೌಸ್ ಮುಟ್ಬೇಡ. ಶಾರ್ಟ್‌ಕಟ್ ಬೆರಳಿಗೇ ಬರ್ಬೇಕು. ನಾನು 'ಈಗ' ಅಂದ ಕೂಡ್ಲೇ ಕಂಟ್ರೋಲ್, ಶಿಫ್ಟ್, ಏಳು. ಯೋಚನೆ ಮಾಡ್ತಾ ಕೂರ್ಬಾರ್ದು."

"ಒತ್ತಿದ್ರೆ ಏನಾಗುತ್ತೆ ರೀ?"

"ಆ ದಿನ ನೀನೇ ನೋಡ್ತೀಯಲ್ಲ."

ಒಂದು ತಿಂಗಳು ಅವಳು ಚಪಾತಿ ಮಣೆಯ ಮೇಲೆ, ಬಸ್ಸಿನ ಕಂಬಿಯ ಮೇಲೆ ಅದನ್ನೇ ಒತ್ತಿ ಒತ್ತಿ ಕಲಿತಳು. ಅವನೂ ಪಕ್ಕದಲ್ಲಿ ಕೂತು ಬೆರಳು ತಿದ್ದಿದ. ಧಾರೆಯ ದಿನ ಬಿಟ್ಟರೆ ಅವನು ಅಷ್ಟು ಹೊತ್ತು ಅವಳ ಕೈ ಹಿಡಿದದ್ದು ಆಗಲೇ.

ಭಾನುವಾರ ಗಂಡನ ತಂಡದ ಐವರೂ ಆಟದೊಳಗಿನ ಕೋಟೆಯ ಕೊನೆಯ ಬಾಗಿಲಿಗೆ ಬಂದರು. ಚುಕ್ಕಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಅವನೇ ಅಲ್ಲಿ ನಿಲ್ಲಿಸಿದ್ದ.

"ಈಗ!"

ಅವಳ ಬೆರಳು ಕಣ್ಣಿಗಿಂತ ಮೊದಲೇ ಓಡಿತು. ಪರದೆಯಲ್ಲಿ ಚುಕ್ಕಿ ತನ್ನ ಬಾಣವನ್ನೇ ಎದೆಗೆ ಚುಚ್ಚಿಕೊಂಡು ಕುಸಿದಳು. ಬಾಗಿಲು ತೆರೆಯಿತು.

"ಅಯ್ಯೋ, ನಾನೇನಾದ್ರೂ ತಪ್ಪು ಒತ್ತಿದ್ನಾ ರೀ?"

ಗಂಡ ಅವಳತ್ತ ತಿರುಗಲಿಲ್ಲ. ಮೈಕಿನಲ್ಲಿ ಗೆಳೆಯರಿಗೆ ಕೂಗಿ ಹೇಳಿದ:

"ಬನ್ರೋ ಒಳಗೆ! ಒಬ್ರು ಬಲಿಯಾಗ್ದೆ ಬಾಗಿಲು ತೆಗೆಯಲ್ಲ ಅಂತಿದ್ರಲ್ಲ, ಅದಕ್ಕೇ ಒಂದು ತಿಂಗಳಿಂದ ಇವಳನ್ನ ತಯಾರು ಮಾಡಿದ್ದು."