ಹಬ್ಬಕ್ಕೆಂದು ಎತ್ತಿಟ್ಟ ಕಿವಿಯ ಮಷಿನ್

ಟ್ರಂಕು ತೆರೆದಾಗ ನುಸಿಗುಳಿಗೆಯ ವಾಸನೆ ಬಂದರೆ ಈಗಲೂ ನನಗೆ ಬ್ಯಾಡಗಿಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಹುಟ್ಟಿನಿಂದಲೇ ಕಿವಿ ಮಂದವಾಗಿದ್ದ ನನ್ನ ಅಕ್ಕನಿಗೆ ಹಾವೇರಿಯಲ್ಲಿ ಶಾಲೆಯ ಮಕ್ಕಳಿಗೆಂದು ನಡೆದ ಶಿಬಿರದಲ್ಲಿ ಕಿವಿಯ ಮಷಿನ್ ಕೊಟ್ಟಿದ್ದರು. ಬೆಳಗಿನಿಂದ ಪಾಳಿಯಲ್ಲಿ ನಿಂತು ಬಂದ ಅವ್ವ ಚಪ್ಪಲಿ ಕೂಡ ಬಿಚ್ಚದೆ ಕಟ್ಟೆಯ ಮೇಲೆ ಕುಳಿತಳು. ಅಂಗಳದಲ್ಲಿ ಅಜ್ಜಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಮಷಿನ್ ಹಾಕಿಕೊಂಡೇ ಬಂದಿದ್ದ ಅಕ್ಕ ಒಂದು ಒಣಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದಳು. ಒಳಗಿನ ಬೀಜ ಗಲಗಲ ಎಂದಿತು. ಅವಳ ಕಣ್ಣುಗಳು ಅರಳಿದವು; ಮತ್ತೆ ಮತ್ತೆ ಅಲ್ಲಾಡಿಸಿ ನಕ್ಕಳು.

"ಸಾಕು ಬಿಚ್ಚವಾ, ಖಾರದ ಧೂಳು ಹೊಕ್ಕರ ಕೆಡತೈತಿ. ಹಬ್ಬಕ್ಕ ಹಾಕ್ಕೊಳ್ಳುವಂತಿ," ಎಂದಳು ಅಜ್ಜಿ.

"ದಿನಾ ಸಾಲಿಗೆ ಹಾಕ್ಕೊಂಡು ಹೋಗಬೇಕಂತ ಹೇಳ್ಯಾರ್ರಿ ಅತ್ತಿ," ಎಂದಳು ಅವ್ವ.

"ಹೇಳಾಕ ಅವರಿಗೇನು? ನಿನ್ನ ಮದಿವಿ ಸೀರಿ ದಿನಾ ಉಟ್ಟಿದ್ರ ಇಷ್ಟೊತ್ತಿಗೆ ನೆಲಾ ಒರಸೋ ಅರಿವಿ ಆಗತಿತ್ತು."

ಅವ್ವ ಗೋಡೆಗೆ ತಲೆ ಆನಿಸಿ, ಕುಳಿತಲ್ಲೇ ಚಪ್ಪಲಿ ಬಿಚ್ಚಿದಳು. ಮಷಿನ್ ಅದೇ ಸೀರೆಯ ಮಡಿಕೆಯೊಳಗೆ, ನುಸಿಗುಳಿಗೆಗಳ ನಡುವೆ ಸೇರಿತು.

ಅಕ್ಕ ಅಳಲಿಲ್ಲ. ಆ ಮೆಣಸಿನಕಾಯಿಯನ್ನು ತನ್ನ ಕಿವಿಯ ಬಳಿ ಇನ್ನೊಮ್ಮೆ ಅಲ್ಲಾಡಿಸಿ ನೋಡಿದಳು. ಆಮೇಲೆ ನನ್ನ ಕಿವಿಯ ಬಳಿ ತಂದು ಅಲ್ಲಾಡಿಸಿ, ನನ್ನ ಮುಖವನ್ನೇ ನೋಡುತ್ತ ನಿಂತಳು.